ಓದುಗರ ಪ್ರಶ್ನೆ, ತಜ್ಞರ ಉತ್ತರ: ಹೆಲ್ಮೆಟ್ಟಿನ ಅಂದ ಮತ್ತು ರಕ್ಷಣೆ

ಪ್ರಶ್ನೆ: ನಾನು ಬೆಳಗಾವಿಯವನು. ಪುಣೆಯಲ್ಲಿ ಉತ್ಪನ್ನ ವಿನ್ಯಾಸದ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಕಾಲೇಜು ವಯಸ್ಸಿನವರು ಇಷ್ಟಪಟ್ಟು ಧರಿಸುವಂಥ ಹೆಲ್ಮೆಟ್ಟೊಂದನ್ನು ಪದವಿಯ ಪ್ರಾಜೆಕ್ಟಿಗಾಗಿ ರೂಪಿಸಬೇಕೆಂದಿದ್ದೇನೆ. ಈಗಿನ ಹೆಲ್ಮೆಟ್‌ಗಳು ತೀರ ದಪ್ಪ, ಹಾಕಿಕೊಂಡರೆ ತಲೆ ಕುಂಬಳಕಾಯಿಯಂತೆ ಕಾಣುತ್ತದೆ ಎಂದು ಸಹಪಾಠಿಗಳು ಹೇಳುತ್ತಾರೆ. ಗಟ್ಟಿಯಾದ ಕಾರ್ಬನ್ ಫೈಬರ್ ಬಳಸಿ ಒಟ್ಟು ದಪ್ಪವನ್ನು ಅರ್ಧಕ್ಕೆ ಇಳಿಸಿದರೆ ರಕ್ಷಣೆಗೆ ಕುಂದು ಬರದೆ ಅಂದ ಹೆಚ್ಚೀತೇ?
— ವಿದ್ಯಾರ್ಥಿ, ಕೋಥರೂಡ್, ಪುಣೆ

ಉತ್ತರ: ದಪ್ಪವನ್ನು ಅರ್ಧಕ್ಕೆ ಇಳಿಸಲು ಸಾಧ್ಯವಿಲ್ಲ, ಮತ್ತು ಏಕೆ ಸಾಧ್ಯವಿಲ್ಲ ಎಂಬುದನ್ನು ಲೆಕ್ಕ ಹಾಕಿ ತಿಳಿದುಕೊಂಡರೆ ನಿಮ್ಮ ಪ್ರಾಜೆಕ್ಟಿಗೆ ಸರಿಯಾದ ದಾರಿ ತಾನಾಗಿ ಕಾಣುತ್ತದೆ. ಫೈಬರ್ ಗ್ಲಾಸ್ ಆಗಲಿ, ಪಾಲಿಕಾರ್ಬನೇಟ್ ಆಗಲಿ, ಕಾರ್ಬನ್ ಫೈಬರ್ ಆಗಲಿ, ಹೊರಕವಚವು ಕೆಲವೇ ಮಿಲಿಮೀಟರ್ ದಪ್ಪವಿರುತ್ತದೆ. ಪೆಟ್ಟನ್ನು ಅಗಲವಾದ ಜಾಗಕ್ಕೆ ಹರಡುವುದು, ಚೂಪಾದ ವಸ್ತು ಒಳನುಗ್ಗದಂತೆ ತಡೆಯುವುದು, ರಸ್ತೆಯ ಮೇಲೆ ತಲೆ ಸಿಕ್ಕಿಕೊಳ್ಳದೆ ಜಾರುವಂತೆ ಮಾಡುವುದು ಅದರ ಕೆಲಸ. ಹೊಡೆತದ ಶಕ್ತಿಯ ದೊಡ್ಡ ಪಾಲನ್ನು ನುಂಗುವುದು ಅದರೊಳಗಿನ ಬಿಳಿಯ ಅಥವಾ ಕಪ್ಪು ಬಣ್ಣದ ಫೋಮ್ ಪದರ. ನಾವು ಪೇಟೆಯಲ್ಲಿ ಥರ್ಮೋಕೋಲ್ ಎಂದು ಕರೆಯುವ ಪಾಲಿಸ್ಟೈರೀನ್ ಫೋಮಿನ ಜಾತಿಯದೇ ಅದು, ಆದರೆ ಅದಕ್ಕಿಂತ ಸಾಂದ್ರವಾದದ್ದು. ಹೀಗೆ ಶಕ್ತಿಯನ್ನು ನುಂಗಿ ಕುಗ್ಗುವ ಒಳಪದರದ ಕಲ್ಪನೆಗೆ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಿ.ಎಫ್. ಲೊಂಬಾರ್ಡ್ ಅವರು 1953ರಲ್ಲಿ ಪೇಟೆಂಟ್ ಪಡೆದರು. ಸಾಮಗ್ರಿಗಳು ಎಷ್ಟೇ ಬದಲಾಗಿದ್ದರೂ ಇಂದಿನ ಹೆಲ್ಮೆಟ್‌ಗಳು ಅದೇ ತತ್ವದ ಮೇಲೆ ನಿಂತಿವೆ.

ಈಗ ಲೆಕ್ಕಕ್ಕೆ ಬರೋಣ. ಯುರೋಪಿನ ಇ.ಸಿ.ಇ. 22 ಮಾನದಂಡದ ಒಂದು ಮುಖ್ಯ ಪರೀಕ್ಷೆಯಲ್ಲಿ ಹೆಲ್ಮೆಟ್ ತೊಡಿಸಿದ ಲೋಹದ ತಲೆಯನ್ನು ಸೆಕೆಂಡಿಗೆ 7.5 ಮೀಟರ್ ವೇಗದಲ್ಲಿ ಉಕ್ಕಿನ ಅಡಿಗಲ್ಲಿನ ಮೇಲೆ ಬೀಳಿಸುತ್ತಾರೆ, ಮತ್ತು ಆ ತಲೆಯ ವೇಗೋತ್ಕರ್ಷ ಗುರುತ್ವದ 275 ಪಟ್ಟನ್ನು ಮೀರಬಾರದು ಎಂಬ ಮಿತಿ ಇದೆ. ಸೆಕೆಂಡಿಗೆ 7.5 ಮೀಟರ್ ಎಂದರೆ ಗಂಟೆಗೆ 27 ಕಿಲೋಮೀಟರ್ ಮಾತ್ರ. ಇಷ್ಟು ಕಡಿಮೆಯೇ ಎಂದು ಅನೇಕರು ಕೇಳುತ್ತಾರೆ. ಬೈಕಿನಿಂದ ಬಿದ್ದವರ ತಲೆ ನೆಲದತ್ತ ಧಾವಿಸುವ ವೇಗವನ್ನು ಹೆಚ್ಚಾಗಿ ನಿರ್ಧರಿಸುವುದು ಕುಳಿತ ಎತ್ತರವೇ ಹೊರತು ಸ್ಪೀಡೋಮೀಟರ್ ಅಲ್ಲ, ಮತ್ತು ಈ ಪರೀಕ್ಷೆಯ ವೇಗ 2.8 ಮೀಟರಿಗಿಂತ ಹೆಚ್ಚಿನ ಎತ್ತರದಿಂದ ನೇರವಾಗಿ ಬಿದ್ದಾಗ ಬರುವ ವೇಗಕ್ಕೆ ಸಮ ಎಂಬುದನ್ನು ನೆನಪಿಡಿ. ಈ ವೇಗದ ತಲೆಯನ್ನು ಮೊದಲಿನಿಂದ ಕೊನೆಯವರೆಗೂ ಒಂದೇ ಸಮನೆ 275 ಪಟ್ಟಿನ ತಡೆಯಿಂದ ನಿಲ್ಲಿಸಿದೆವೆಂದೇ ಇಟ್ಟುಕೊಂಡರೂ 10 ಮಿಲಿಮೀಟರಿಗಿಂತ ತುಸು ಹೆಚ್ಚು ದೂರ ಬೇಕಾಗುತ್ತದೆ. ನಿಜವಾದ ಫೋಮಿನಲ್ಲಿ ತಡೆ ಕ್ರಮೇಣ ಏರಿ ಇಳಿಯುವುದರಿಂದ ಅದರ ಸುಮಾರು ಎರಡರಷ್ಟು ದೂರ ಬೇಕು, ಮತ್ತು ಫೋಮ್ ತನ್ನ ದಪ್ಪದ ಸುಮಾರು ಮೂರನೇ ಎರಡು ಭಾಗದಷ್ಟು ಕುಗ್ಗಿದ ಮೇಲೆ ಕಲ್ಲಿನಂತೆ ಬಿಗಿದುಕೊಂಡು ಬಿಡುತ್ತದೆ. ಆದ್ದರಿಂದ 30 ಮಿಲಿಮೀಟರಿನ ಆಸುಪಾಸಿನ, ನೆತ್ತಿಯ ಬಳಿ ಅದಕ್ಕಿಂತಲೂ ಹೆಚ್ಚಿನ ಫೋಮ್ ಅನಿವಾರ್ಯ. ಕಾರ್ಬನ್ ಫೈಬರ್ ಹೆಲ್ಮೆಟ್ಟಿನ ತೂಕವನ್ನು ಇಳಿಸಿ ಕುತ್ತಿಗೆಗೆ ಉಪಕಾರ ಮಾಡುತ್ತದೆ, ಆದರೆ ತಲೆ ನಿಲ್ಲಲು ಬೇಕಾದ ದೂರವನ್ನು ಅದು ಕಡಿಮೆ ಮಾಡಲಾರದು. ತೆಳ್ಳಗೆ ಕಾಣಲೆಂದು ಫೋಮನ್ನು ಕೆತ್ತಿದ ವಿನ್ಯಾಸವನ್ನು, ಅದು ಎಷ್ಟೇ ಸುಂದರವಾಗಿರಲಿ, ನಾನು ಹೆಲ್ಮೆಟ್ ಎಂದು ಕರೆಯುವುದಿಲ್ಲ.

ಹಾಗಾದರೆ ನಿಮ್ಮ ಸಹಪಾಠಿಗಳ ದೂರನ್ನು ತಳ್ಳಿಹಾಕಬೇಕೇ? ಖಂಡಿತ ಬೇಡ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ಹೆಲ್ಮೆಟ್ ಧರಿಸದೆ ಅಪಘಾತದಲ್ಲಿ ಸತ್ತವರ ಸಂಖ್ಯೆ 50,029. ಇವರಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಮೊಳೆಗೆ ತೂಗುಹಾಕಿದ ಹೆಲ್ಮೆಟ್ ಇದ್ದೇ ಇದ್ದೀತು. ಧರಿಸಲು ಮನಸ್ಸಾಗುವಂತೆ ಮಾಡುವುದು ರಕ್ಷಣೆಯ ಮೊದಲ ಹೆಜ್ಜೆಯಾದ್ದರಿಂದ ಅಂದವನ್ನು ನಾನು ಆಡಂಬರದ ವಿಷಯವೆಂದು ಎಂದೂ ಭಾವಿಸಿಲ್ಲ. ಪ್ರಶ್ನೆ ಇರುವುದು ಅಂದವನ್ನು ಎಲ್ಲಿ ಹುಡುಕಬೇಕು ಎಂಬುದರಲ್ಲಿ.

ಮೊದಲು ಅಳತೆಯಲ್ಲಿ ಹುಡುಕಿ. ಹೆಲ್ಮೆಟ್ ದೊಡ್ಡದಾಗಿ ಕಾಣಲು ಒಂದು ಮುಖ್ಯ ಕಾರಣವೆಂದರೆ, ಅಚ್ಚಿನ ಖರ್ಚು ಉಳಿಸಲು ತಯಾರಕರು ಒಂದೇ ಹೊರಕವಚವನ್ನು ಎಲ್ಲ ಸೈಜುಗಳಿಗೂ ಬಳಸಿ, ಒಳಗಿನ ಫೋಮ್ ಮತ್ತು ಬಟ್ಟೆಯ ಮೆತ್ತೆಯನ್ನು ಮಾತ್ರ ದಪ್ಪ ಮಾಡುತ್ತಾ ಹೋಗುವುದು. ಆಗ 54 ಸೆಂಟಿಮೀಟರ್ ಸುತ್ತಳತೆಯ ತಲೆಯ ಹುಡುಗಿಯೂ 60 ಸೆಂಟಿಮೀಟರ್ ತಲೆಯವರಿಗೆಂದು ಮಾಡಿದ ಕವಚವನ್ನೇ ಹೊರಬೇಕಾಗುತ್ತದೆ. ಎರಡು ಅಥವಾ ಮೂರು ಗಾತ್ರದ ಹೊರಕವಚಗಳನ್ನು ರೂಪಿಸಿದರೆ ಫೋಮನ್ನು ಒಂದಿಷ್ಟೂ ಕಳೆಯದೆ ತಲೆ ಮತ್ತು ಭುಜಗಳ ಅನುಪಾತ ಸರಿಹೋಗುತ್ತದೆ. ನಿಮ್ಮ ಪ್ರಾಜೆಕ್ಟಿನಲ್ಲಿ ಇದೊಂದನ್ನೇ ಚೆನ್ನಾಗಿ ಮಾಡಿ ತೋರಿಸಿದರೂ ಸಾಕು ಎನ್ನುವಷ್ಟು ಮಹತ್ವ ಇದಕ್ಕಿದೆ.

ಎರಡನೆಯದಾಗಿ ಆಕಾರ. ತಲೆ ನೆಲಕ್ಕೆ ನೇರವಾಗಿ ಬಡಿಯುವುದು ಅಪರೂಪ. ಸಾಮಾನ್ಯವಾಗಿ ಓರೆಯಾಗಿ ತಾಗಿ ಉಜ್ಜುತ್ತಾ ಸಾಗುತ್ತದೆ, ಆಗ ತಲೆ ತಿರುಚಿಕೊಂಡು ಮಿದುಳಿಗೆ ಗಾಯವಾಗುತ್ತದೆ. 2021ರಲ್ಲಿ ಜಾರಿಗೆ ಬಂದ ಇ.ಸಿ.ಇ. 22.06 ಪರಿಷ್ಕರಣೆಯಲ್ಲಿ ಈ ಕಾರಣಕ್ಕಾಗಿಯೇ 45 ಡಿಗ್ರಿ ಓರೆಯ ಅಡಿಗಲ್ಲಿನ ಮೇಲೆ ಬೀಳಿಸಿ ತಿರುಗುವಿಕೆಯನ್ನು ಅಳೆಯುವ ಪರೀಕ್ಷೆಯನ್ನು ಸೇರಿಸಲಾಯಿತು. ಜಪಾನಿನ ಅರೈ ಕಂಪನಿಯು ತನ್ನ ಕವಚಗಳ ದುಂಡುತನ ಎಲ್ಲಿಯೂ 75 ಮಿಲಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಬಾರದೆಂಬ ನಿಯಮವನ್ನು ಇಟ್ಟುಕೊಂಡಿದೆ. ನಯವಾದ, ಎಲ್ಲಿಯೂ ಮುರಿಯದ ಈ ದುಂಡುತನ ನೋಡಲು ಎಷ್ಟು ಗಂಭೀರವಾಗಿದೆಯೋ ಜಾರಲು ಅಷ್ಟೇ ಅನುಕೂಲ. ಹಿಂಭಾಗದಲ್ಲಿ ರೆಕ್ಕೆ, ಮೇಲೆ ಏಣು, ಪಕ್ಕದಲ್ಲಿ ಚೂಪು ಮೂಲೆಗಳನ್ನು ಎಳೆಯುವ ಆಸೆ ಪ್ರತಿ ವಿದ್ಯಾರ್ಥಿಗೂ ಇರುತ್ತದೆ. ಗಾಳಿಕಿಂಡಿಯ ಮುಚ್ಚಳದಂಥ ಅಂಗಗಳನ್ನು ಸೇರಿಸಲೇಬೇಕಾದರೆ ಅವು ಪೆಟ್ಟಿಗೆ ಸುಲಭವಾಗಿ ಕಳಚಿ ಬೀಳುವಂತಿರಲಿ. ಕವಚದ ಭಾಗವಾಗಿಯೇ ಎರಕಗೊಂಡಿರಬಾರದು.

ಮುಖ ಮುಚ್ಚುವ ಫುಲ್ ಫೇಸ್ ಮಾದರಿಯನ್ನೇ ಆಯ್ದುಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಜರ್ಮನಿಯ ಅಪಘಾತ ಸಂಶೋಧಕ ಡೀಟ್ಮಾರ್ ಒಟ್ಟೆ ಅವರು ಗುರುತಿಸಿದ ಪೆಟ್ಟುಗಳ ಹಂಚಿಕೆಯಲ್ಲಿ ಸುಮಾರು ಮೂರನೇ ಒಂದು ಭಾಗ ಗದ್ದದ ಪ್ರದೇಶದ್ದಾಗಿದೆ. ಗದ್ದದ ಭಾಗವೇ ಹೆಲ್ಮೆಟ್ಟಿಗೆ ಮುಖಭಾವವನ್ನು ಕೊಡುವುದೂ ಹೌದು: ವೈಸರಿನ ಕೆಳ ಅಂಚಿನ ರೇಖೆಯನ್ನು ಕಿವಿಯ ಕಡೆಗೆ ತುಸು ಮೇಲೆತ್ತಿದರೆ ಒಟ್ಟು ರೂಪ ಹಗುರವಾಗುತ್ತದೆ, ಕುತ್ತಿಗೆಯ ಬಳಿಯ ಅಂಚನ್ನು ಕಡುಬಣ್ಣದಲ್ಲಿ ಬಿಟ್ಟರೆ ದಪ್ಪದ ಒಂದು ಪಾಲು ಕಣ್ಣಿಗೆ ಬೀಳುವುದಿಲ್ಲ. ಆದರೆ ನಡುಗೆರೆಯಿಂದ ಎಡಕ್ಕೂ ಬಲಕ್ಕೂ ತಲಾ 105 ಡಿಗ್ರಿ ನೋಟ ತೆರೆದಿರಬೇಕೆಂಬ ನಿಯಮವನ್ನು ಯಾವ ರೇಖೆಗಾಗಿಯೂ ಸಡಿಲಿಸಬೇಡಿ.

ಬಣ್ಣದ ವಿಷಯದಲ್ಲಿ ನಿಮಗೆ ನಿಜವಾದ ಸ್ವಾತಂತ್ರ್ಯವಿದೆ. ನ್ಯೂಜಿಲೆಂಡಿನ ಆಕ್ಲೆಂಡ್ ಪ್ರದೇಶದ ಸವಾರರ ಬಗ್ಗೆ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಪ್ಪು ಹೆಲ್ಮೆಟ್ ಧರಿಸಿದವರಿಗಿಂತ ಬಿಳಿಯ ಹೆಲ್ಮೆಟ್ ಧರಿಸಿದವರಿಗೆ ಅಪಘಾತದಲ್ಲಿ ಗಾಯಗೊಳ್ಳುವ ಅಪಾಯ 24 ಪ್ರತಿಶತ ಕಡಿಮೆಯಿತ್ತು. ಮ್ಯಾಟ್ ಕಪ್ಪು ಬಣ್ಣದ ಮೇಲಿನ ಮೋಹವನ್ನು ನಮ್ಮ ಹುಡುಗರು ಬಿಡಲು ಇದು ಸಾಕಾದ ಕಾರಣ. ಪುಣೆಯ ಏಪ್ರಿಲ್ ಬಿಸಿಲಿನಲ್ಲಿ ತಿಳಿಬಣ್ಣ ತಲೆಗೂ ಹಿತ. ನೀವು ಬೆಳಗಾವಿಯವರಾದ್ದರಿಂದ ಒಂದು ಸಲಹೆ ಕೊಡುವ ಧೈರ್ಯ ಮಾಡುತ್ತೇನೆ. ನಮ್ಮ ಕಸೂತಿಯ ಗೋಪುರ, ತೇರು, ನವಿಲುಗಳೆಲ್ಲವೂ ಗವಂತಿ ಮತ್ತು ಮುರ್ಗಿ ಹೊಲಿಗೆಯ ನೇರ, ಓರೆ ಗೆರೆಗಳಿಂದ ಕಟ್ಟಿದವು. ಬೆಳಕನ್ನು ಮರಳಿಸುವ ಹಾಳೆಯಿಂದ ಕತ್ತರಿಸಲು ಇಂಥ ಗೆರೆಗಳಷ್ಟು ಒಗ್ಗುವ ಚಿತ್ತಾರ ಬೇರೊಂದಿಲ್ಲ. ಬಿಳಿಯ ಕವಚದ ಮೇಲೆ ಬೂದು ಬಣ್ಣದಲ್ಲಿ ಹಗಲಿಗೆ ಮೆಲುವಾಗಿ ಕಾಣುವ ಕಸೂತಿಯ ಪಟ್ಟಿ, ರಾತ್ರಿ ಹಿಂದಿನ ಟ್ರಕ್ಕಿನ ದೀಪ ಬಿದ್ದಾಗ ಹೊಳೆದರೆ ಅಲಂಕಾರವೇ ರಕ್ಷಣೆಯ ಕೆಲಸವನ್ನೂ ಮಾಡಿದಂತಾಯಿತು. ಫ್ರಾನ್ಸಿನಲ್ಲಿ ಹೆಲ್ಮೆಟ್ ಮೇಲೆ ಹೊಳೆಯುವ ಸ್ಟಿಕ್ಕರ್ ಕಡ್ಡಾಯವೇ ಆಗಿದೆ.

ಕೊನೆಯದಾಗಿ ಒಂದು ಎಚ್ಚರಿಕೆ. ನೀವು ತಯಾರಿಸುವ ಮಾದರಿ ನೋಡಲಿಕ್ಕೆ ಮಾತ್ರ ಇರಲಿ. ಅದನ್ನು ತೊಟ್ಟು ಯಾರೂ ರಸ್ತೆಗೆ ಇಳಿಯಬಾರದು. ಐ.ಎಸ್. 4151 ಮಾನದಂಡದ ಐ.ಎಸ್.ಐ. ಮುದ್ರೆಯಿಲ್ಲದ ದ್ವಿಚಕ್ರ ಹೆಲ್ಮೆಟ್ ಮಾರುವುದು 2021ರ ಜೂನ್ 1ರಿಂದ ಕಾನೂನುಬಾಹಿರ. ಪುಣೆಯ ವೇತಾಳ ಟೇಕಡಿಯ ಮೇಲೆ ಎ.ಆರ್.ಎ.ಐ. ವಾಹನ ಸಂಶೋಧನಾ ಸಂಸ್ಥೆ ಇದೆ. ಆಕಾರವನ್ನು ಅಂತಿಮಗೊಳಿಸುವ ಮುನ್ನ ನಿಮ್ಮ ಕಾಲೇಜಿನ ಮೂಲಕ ಸುರಕ್ಷಾ ಪರೀಕ್ಷೆ ಬಲ್ಲ ಎಂಜಿನಿಯರ್ ಒಬ್ಬರಿಗೆ ರೇಖಾಚಿತ್ರಗಳನ್ನು ತೋರಿಸಿ ಅಭಿಪ್ರಾಯ ಪಡೆಯಿರಿ.

ಪ್ರಶ್ನೆ: ಮನೆಯಿಂದ ಸ್ಟೇಷನ್ನಿಗೆ ಸ್ಕೂಟರಿನಲ್ಲಿ ಹೋಗುತ್ತೇನೆ. ತುರುಬು ಕಟ್ಟಿ ಹೂ ಮುಡಿದರೆ ಹೆಲ್ಮೆಟ್ ತಲೆಗೆ ಕೂರುವುದಿಲ್ಲ, ಮಳೆಗಾಲದಲ್ಲಿ ಬೆವರಿನಿಂದ ವಾಸನೆ ಬೇರೆ. ಹಿಂಭಾಗ ತೆರೆದಿರುವ ಬಣ್ಣಬಣ್ಣದ ಟೋಪಿಯಂಥ ಹೆಲ್ಮೆಟ್ ಹತ್ತಿರದ ದಾರಿಗೆ ಸಾಕಲ್ಲವೇ?
— ಗೃಹಿಣಿ ಮತ್ತು ಶಿಕ್ಷಕಿ, ಮುಲುಂಡ್, ಮುಂಬಯಿ

ಉತ್ತರ: ಸಾಲದು, ಅಮ್ಮ. ಆ ಟೋಪಿಗಳಲ್ಲಿ ಹಲವದರೊಳಗೆ ಶಕ್ತಿ ನುಂಗುವ ಫೋಮೇ ಇರುವುದಿಲ್ಲ, ಮತ್ತು ತಲೆಯ ಹಿಂಭಾಗ, ಕಪೋಲ, ಗದ್ದ ಬಯಲಾಗಿಯೇ ಉಳಿಯುತ್ತವೆ. ನಿಮ್ಮ ತೊಂದರೆ ಮಾತ್ರ ನಿಜವಾದದ್ದು, ಮತ್ತು ಅದಕ್ಕೆ ವಿನ್ಯಾಸಕಾರರು ಇಷ್ಟು ವರ್ಷ ಗಮನ ಕೊಡದಿರುವುದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ತುರುಬು ಹೆಲ್ಮೆಟ್ಟನ್ನು ಮುಂದಕ್ಕೂ ಮೇಲಕ್ಕೂ ತಳ್ಳುವುದರಿಂದ ಅದು ಬೀಳುವ ಹೊತ್ತಿಗೆ ತಲೆಯಿಂದಲೇ ಕಳಚಿಕೊಳ್ಳುವ ಅಪಾಯವಿದೆ. ಸವಾರಿಯ ಹೊತ್ತಿಗೆ ಕೂದಲನ್ನು ಕುತ್ತಿಗೆಯ ಬುಡದಲ್ಲಿ ಸಡಿಲ ಜಡೆಯಾಗಿ ಇಳಿಬಿಟ್ಟು, ತುರುಬನ್ನೂ ಹೂವನ್ನೂ ಶಾಲೆ ತಲುಪಿದ ಮೇಲೆ ಕಟ್ಟಿಕೊಳ್ಳಿ. ಕೊಳ್ಳುವಾಗ ಕುತ್ತಿಗೆಯ ಹಿಂದಿನ ಮೆತ್ತೆ ಮೃದುವಾಗಿದ್ದು ಜಡೆಗೆ ದಾರಿ ಬಿಡುವ ಮಾದರಿಯನ್ನು ನೋಡಿ. ಫೋಮನ್ನೇ ಕತ್ತರಿಸಿ ಜಡೆಗೆ ಕಿಂಡಿ ಮಾಡಿದ್ದರೆ ಬೇಡ. ಹಾಕಿಕೊಂಡು ಪಟ್ಟಿ ಬಿಗಿದು, ಹಿಂದಿನಿಂದ ಮೇಲಕ್ಕೆತ್ತಿ ಮುಂದಕ್ಕೆ ಉರುಳಿಸಲು ಯತ್ನಿಸಿ: ಕಳಚಿ ಬರುವಂತಿದ್ದರೆ ಆ ಸೈಜು ನಿಮ್ಮದಲ್ಲ.

ಬೆವರಿಗೆ ಸಂಬಂಧಿಸಿದಂತೆ, ಬಿಚ್ಚಿ ಒಗೆಯಬಹುದಾದ ಒಳಬಟ್ಟೆ ಇರುವುದನ್ನೇ ಆರಿಸಿಕೊಳ್ಳಿ, ಒಳಗೆ ತೆಳುವಾದ ಹತ್ತಿಯ ಬಟ್ಟೆ ಕಟ್ಟಿಕೊಳ್ಳಿ, ಒದ್ದೆಯಾದ ಹೆಲ್ಮೆಟ್ಟನ್ನು ಸ್ಕೂಟರಿನ ಡಿಕ್ಕಿಯಲ್ಲಿ ಮುಚ್ಚಿಡದೆ ಫ್ಯಾನಿನ ಕೆಳಗೆ ಆರಲು ಬಿಡಿ. ನಿಮ್ಮ ಮನೆಯವರ ಹಿಂದೆ ಕುಳಿತು ಹೋಗುವಾಗಲೂ ಇದೇ ಹೆಲ್ಮೆಟ್ ಇರಲಿ. ಮುಂಬಯಿಯಲ್ಲಿ 2022ರ ಜೂನ್‌ನಿಂದ ಹಿಂಬದಿ ಸವಾರರ ಮೇಲೂ ಪೊಲೀಸರು ಕ್ರಮ ಕೈಗೊಳ್ಳತೊಡಗಿದ್ದಾರೆ.

ಪ್ರಶ್ನೆ: ವಾಸ್ಕೋದಲ್ಲಿ ಗಾಡಿಗಳಿಗೆ ಸ್ಟಿಕ್ಕರ್ ಹಚ್ಚುವ, ಬಣ್ಣ ಹೊಡೆಯುವ ಅಂಗಡಿ ಇಟ್ಟಿದ್ದೇನೆ. ಹೆಲ್ಮೆಟ್ಟಿಗೂ ಚಿತ್ರ ಬರೆದುಕೊಡಿ, ಕ್ಯಾಮೆರಾ ಕೂರಿಸಿ, ಕೊಂಬು ಹಚ್ಚಿ ಎಂದು ಗಿರಾಕಿಗಳು ಕೇಳುತ್ತಾರೆ. ಯಾವುದನ್ನು ಒಪ್ಪಿಕೊಳ್ಳಬಹುದು?
— ಕಾರವಾರ ಮೂಲದ ಓದುಗರು, ವಾಸ್ಕೋ, ಗೋವಾ

ಉತ್ತರ: ಇಂಥ ಪ್ರಶ್ನೆ ಕೇಳಿದ್ದಕ್ಕಾಗಿ ನಿಮಗೆ ವಂದನೆ. ಮೊದಲು ಕವಚ ಯಾವ ವಸ್ತುವಿನದು ಎಂಬುದನ್ನು ಒಳಗಿನ ಚೀಟಿಯಲ್ಲಿ ನೋಡಿ. ಎ.ಬಿ.ಎಸ್. ಮತ್ತು ಪಾಲಿಕಾರ್ಬನೇಟ್ ಎಂಬ ಪ್ಲಾಸ್ಟಿಕ್ಕುಗಳ ಕವಚಗಳಿಗೆ ಥಿನ್ನರ್ ಶತ್ರು: ಅದು ಪ್ಲಾಸ್ಟಿಕ್ಕಿನೊಳಗೆ ಇಳಿದು ಕಣ್ಣಿಗೆ ಕಾಣದ ಬಿರುಕುಗಳನ್ನು ಹುಟ್ಟಿಸುತ್ತದೆ, ಮೇಲಿನ ಹೊಳಪು ಹಾಗೆಯೇ ಇದ್ದರೂ ಪೆಟ್ಟು ಬಿದ್ದಾಗ ಕವಚ ಸೀಳಿಹೋಗಬಹುದು. ಗಾಡಿಯ ಟ್ಯಾಂಕಿಗೆ ಬಳಸುವ ಸ್ಪ್ರೇ ಬಣ್ಣವನ್ನು ಇವುಗಳ ಮೇಲೆ ಹೊಡೆಯಲೇಬೇಡಿ. ಪೆಟ್ರೋಲಿನಿಂದ ಒರೆಸಿ ಸ್ವಚ್ಛಮಾಡುವ ಅಭ್ಯಾಸವಿದ್ದರೆ ಅದನ್ನೂ ಬಿಡಿ, ಸಾಬೂನಿನ ನೀರು ಸಾಕು. ಫೈಬರ್ ಗ್ಲಾಸ್ ಕವಚ ಬಣ್ಣವನ್ನು ಹೆಚ್ಚು ತಾಳಿಕೊಳ್ಳುತ್ತದೆ, ಆದರೂ ಥಿನ್ನರಿನ ಒಂದು ಹನಿಯೂ ಒಳಗಿನ ಫೋಮಿಗೆ ತಾಗದಂತೆ ಮುಚ್ಚಬೇಕು, ಏಕೆಂದರೆ ತಾಗಿದ ಕಡೆ ಅದು ಕರಗಿ ಗುಳಿಬೀಳುತ್ತದೆ. ತಯಾರಕರ ಸೂಚನೆಯಲ್ಲಿ ಬಣ್ಣ, ಸ್ಟಿಕ್ಕರ್ ಬೇಡ ಎಂದಿದ್ದರೆ ಅದೇ ಕೊನೆಯ ಮಾತು.

ಕ್ಯಾಮೆರಾ, ಕೊಂಬುಗಳಿಗಾಗಿ ತೂತು ಕೊರೆಯುವ ಕೆಲಸವನ್ನು ಯಾವ ಹಣಕ್ಕೂ ಒಪ್ಪಿಕೊಳ್ಳಬೇಡಿ. ಹೊಳೆಯುವ ಹಾಳೆಯ ಸ್ಟಿಕ್ಕರ್ ಕೆಲಸ ನಿಮಗೆ ಚೆನ್ನಾಗಿ ಒಲಿಯಬಹುದು. ಗೋವಾದ ಬೈಕ್ ಪೈಲಟ್‌ಗಳಂತೂ ರಾತ್ರಿಯಲ್ಲೂ ಗಿರಾಕಿಗಳನ್ನು ಕೂರಿಸಿಕೊಂಡು ಓಡಾಡುವವರು, ಅವರಿಂದಲೇ ಶುರು ಮಾಡಿ. ಐ.ಎಸ್.ಐ. ಮುದ್ರೆ ಮತ್ತು ಅದರ ಜತೆಗಿರುವ ಲೈಸೆನ್ಸ್ ಸಂಖ್ಯೆಯ ಮೇಲೆ ಏನನ್ನೂ ಅಂಟಿಸಬೇಡಿ. ಕೆಲಸ ಹಿಡಿಯುವ ಮುನ್ನ ಪ್ರತಿ ಹೆಲ್ಮೆಟ್ಟಿನ ಒಳಬಟ್ಟೆ ಬಿಚ್ಚಿ ಫೋಮಿನ ಮೇಲೆ ಬೆರಳಾಡಿಸಿ ನೋಡಿ. ಬಿರುಕು ಅಥವಾ ತಗ್ಗು ಸಿಕ್ಕರೆ ಅದು ಒಮ್ಮೆ ಪೆಟ್ಟು ತಿಂದು ಕುಗ್ಗಿದ ಹೆಲ್ಮೆಟ್ ಎಂದು ಅರ್ಥ, ಕುಗ್ಗಿದ ಫೋಮ್ ಮತ್ತೆ ಉಬ್ಬುವುದಿಲ್ಲ. ಅಂಥದ್ದಕ್ಕೆ ಬಣ್ಣ ಹೊಡೆಯದೆ, ಆ ತಗ್ಗನ್ನು ಗಿರಾಕಿಗೇ ತೋರಿಸಿ ಹಿಂದಿರುಗಿಸಿ.