ಮಣ್ಣಿನಲ್ಲಿ ಇನ್ನೂ ಔಷಧ ಉಳಿದಿದೆಯೇ?

ಪ್ರಶ್ನೆ: ಸ್ಟ್ರೆಪ್ಟೊಮೈಸಿನ್‌ನಂಥ ಔಷಧಗಳು ಮಣ್ಣಿನ ಬ್ಯಾಕ್ಟೀರಿಯಾಗಳಿಂದ ಬಂದವೆಂದು ಓದಿದ್ದೇನೆ. ಔಷಧಕ್ಕೆ ಬಗ್ಗದ ಸೋಂಕುಗಳು ಹೆಚ್ಚುತ್ತಿರುವಾಗ ಅದೇ ಮಣ್ಣಿನಲ್ಲಿ ಹೊಸ ಔಷಧಗಳನ್ನು ಹುಡುಕಬಾರದೇಕೆ?

ಉತ್ತರ: ಹುಡುಕುತ್ತಲೇ ಇದ್ದಾರೆ. ನಡುವೆ ಕೆಲವು ದಶಕಗಳ ಕಾಲ ಆ ಹುಡುಕಾಟ ಮಂಕಾಗಿತ್ತೆಂಬುದು ನಿಜ. ಅದಕ್ಕೆ ಮಣ್ಣು ಬರಿದಾದದ್ದಕ್ಕಿಂತ ಹುಡುಕುವ ವಿಧಾನ ಹಳತಾದದ್ದೇ ಕಾರಣವೆನ್ನಬೇಕು.

ಹಳೆಯ ವಿಧಾನ ಸರಳವಾಗಿತ್ತು. ಚಿಟಿಕೆ ಮಣ್ಣನ್ನು ನೀರಿನಲ್ಲಿ ಕದಡಿ, ಪೋಷಕಾಂಶ ಬೆರೆಸಿದ ಅಗರ್ ಎಂಬ ಜೆಲ್ಲಿಯ ತಟ್ಟೆಯ ಮೇಲೆ ಸವರಿ, ಬೆಳೆದ ಬ್ಯಾಕ್ಟೀರಿಯಾಗಳನ್ನು ರೋಗಾಣುಗಳ ಪಕ್ಕದಲ್ಲಿಟ್ಟು ನೋಡುತ್ತಿದ್ದರು. ಯಾವುದರ ಸುತ್ತ ರೋಗಾಣು ಬೆಳೆಯದೆ ತಿಳಿಯಾದ ಬಳೆಯೊಂದು ಮೂಡುತ್ತದೆಯೋ ಅದರಲ್ಲಿ ಔಷಧವಿರಬಹುದು. 1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ, ಸೆಲ್ಮನ್ ವಾಕ್ಸ್‌ಮನ್ ಅವರ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಜ್ ಕ್ಷಯಕ್ಕೆ ಮದ್ದಾದ ಸ್ಟ್ರೆಪ್ಟೊಮೈಸಿನ್ ಅನ್ನು ಬೇರ್ಪಡಿಸಿದ್ದು ಇಂಥ ಶೋಧದಿಂದಲೇ. (1952ರ ನೊಬೆಲ್ ಮಾತ್ರ ಗುರುವಿಗೊಬ್ಬರಿಗೇ ಸಂದಿತು.) ಅದನ್ನು ತಯಾರಿಸುವ ಸ್ಟ್ರೆಪ್ಟೊಮೈಸಿಸ್ ಕುಲದ ಬ್ಯಾಕ್ಟೀರಿಯಾಗಳನ್ನು ನಾವೆಲ್ಲರೂ ಮೂಗಿನಿಂದಲೇ ಬಲ್ಲೆವು: ನೆನೆದ ಮಣ್ಣಿನ ವಾಸನೆಗೆ ಮುಖ್ಯ ಕಾರಣವಾದ ಜಿಯೋಸ್ಮಿನ್ ಅವುಗಳದೇ ಸೃಷ್ಟಿ. ಮುಂದೆ ಫಿಲಿಪ್ಪೀನ್ಸ್‌ನ ಮಣ್ಣಿನಿಂದ ಎರಿತ್ರೊಮೈಸಿನ್, ಬೋರ್ನಿಯೊದ ಮಣ್ಣಿನಿಂದ ವ್ಯಾಂಕೊಮೈಸಿನ್ ಬಂದವು. ಅನಂತರ ಎಷ್ಟು ಜರಡಿ ಹಿಡಿದರೂ ಕಂಡದ್ದೇ ಮತ್ತೆ ಮತ್ತೆ ಕಾಣತೊಡಗಿತು; ಲಾಭ ಕಾಣದ ಕಂಪನಿಗಳು ಹಿಂದೆ ಸರಿದವು.

ಏಕೆಂದರೆ ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಶೇಕಡಾ ಒಂದರಷ್ಟು ಮಾತ್ರ ಪ್ರಯೋಗಾಲಯದ ತಟ್ಟೆಯಲ್ಲಿ ಸುಲಭವಾಗಿ ಬೆಳೆಯುತ್ತವೆ ಎಂಬುದು ಸಾಮಾನ್ಯ ಅಂದಾಜು. ಉಳಿದವು ತಟ್ಟೆಗೆ ಬರುವುದಿಲ್ಲವಾದರೆ ತಟ್ಟೆಯನ್ನೇ ಮಣ್ಣಿಗೆ ಒಯ್ದರಾಯಿತು ಎಂಬ ಯೋಚನೆಯಿಂದ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು ‘ಐಚಿಪ್’ ಎಂಬ ಸಾಧನವನ್ನು ರೂಪಿಸಿದರು. ನೂರಾರು ಸಣ್ಣ ರಂಧ್ರಗಳ ಈ ಫಲಕದಲ್ಲಿ ರಂಧ್ರಕ್ಕೊಂದರಂತೆ ಜೀವಕೋಶ ಕೂರುವ ಹಾಗೆ ಮಾಡಿ, ಎರಡೂ ಬದಿಗೆ ತೆಳುಪೊರೆ ಹೊದಿಸಿ, ಮತ್ತೆ ಮಣ್ಣಿನಲ್ಲೇ ಹೂಳುತ್ತಾರೆ. ಪೋಷಕಾಂಶಗಳು ಪೊರೆ ದಾಟಿ ಒಳಬರುತ್ತವೆ, ಬ್ಯಾಕ್ಟೀರಿಯಾ ಹೊರಹೋಗಲಾರದು. 2015ರಲ್ಲಿ ಪ್ರಕಟವಾದ ಟೀಕ್ಸೊಬ್ಯಾಕ್ಟಿನ್ ಎಂಬ ಬ್ಯಾಕ್ಟೀರಿಯಾನಾಶಕ ಸಿಕ್ಕಿದ್ದು ಹೀಗೆ. ಅದು ರೋಗಾಣುವಿನ ಪ್ರೋಟೀನಿಗಲ್ಲ, ಕೋಶಭಿತ್ತಿ ಕಟ್ಟಲು ಬೇಕಾದ ಲಿಪಿಡ್ (ಕೊಬ್ಬಿನಂಥ) ಕಚ್ಚಾವಸ್ತುವಿಗೇ ಅಂಟಿಕೊಳ್ಳುತ್ತದೆ. ಪ್ರೋಟೀನಿನ ಆಕಾರ ಒಂದು ಜೀನ್ ಮಾರ್ಪಾಟಿನಿಂದ ಬದಲಾಗಿ, ಔಷಧ ಅದಕ್ಕೆ ಅಂಟದಂತಾಗಬಹುದು. ಈ ಲಿಪಿಡ್ಡನ್ನು ಅಷ್ಟು ಸುಲಭವಾಗಿ ಬದಲಿಸಿಕೊಳ್ಳಲಾಗದು. ಆದರೆ ಹೊರಪೊರೆಯ ರಕ್ಷಣೆಯಿರುವ ಗ್ರಾಂ-ನೆಗೆಟಿವ್ ರೋಗಾಣುಗಳ ಮುಂದೆ ಅದರ ಆಟ ನಡೆಯದು. ಇಂದು ಹೆಚ್ಚು ಕಂಗೆಡಿಸುತ್ತಿರುವ ಹಲವು ನಿರೋಧಕ ಸೋಂಕುಗಳು ಇವುಗಳವೇ ಆದ್ದರಿಂದ, ಇದು ಸಣ್ಣ ಕೊರತೆಯೆಂದು ನನಗನ್ನಿಸುವುದಿಲ್ಲ.

ಬ್ಯಾಕ್ಟೀರಿಯಾವನ್ನು ಬೆಳೆಸದೆ, ಮಣ್ಣಿನಿಂದ ನೇರವಾಗಿ ಡಿಎನ್‌ಎ ತೆಗೆದು ಔಷಧದ ಜೀನ್‌ಗಳನ್ನು ಹುಡುಕುವ ದಾರಿಯೂ ಇದೆ. 2018ರಲ್ಲಿ ಬ್ಯಾಕ್ಟೀರಿಯಾನಾಶಕಗಳಾದ ಮಲಾಸಿಡಿನ್‌ಗಳು ದೊರೆತದ್ದು ಆ ದಾರಿಯಲ್ಲಿ. ಇಷ್ಟಾದರೂ ನಿರೋಧಕತೆಯ ಮೂಲವೂ ಮಣ್ಣಿನಲ್ಲೇ ಇದೆ ಎಂಬುದನ್ನು ಮರೆಯಲಾಗದು. ವಿಷ ತಯಾರಿಸುವ ಜೀವಿ ತನ್ನ ವಿಷದಿಂದ ತಾನು ಉಳಿಯಬೇಕಲ್ಲ! ಸುಮಾರು 30,000 ವರ್ಷ ಹಳೆಯ ಹೆಪ್ಪುಗಟ್ಟಿದ ನೆಲದಲ್ಲೂ ವ್ಯಾಂಕೊಮೈಸಿನ್ ನಿರೋಧಕ ಜೀನ್‌ಗಳು ಪತ್ತೆಯಾಗಿವೆ.

ಪ್ರಶ್ನೆ: ಹಾಗಾದರೆ ಗಾಯಕ್ಕೆ ಮಣ್ಣು ಮೆತ್ತುವುದರಲ್ಲಿ ಅರ್ಥವಿದೆಯೇ?

ಉತ್ತರ: ಖಂಡಿತ ಇಲ್ಲ. ಧನುರ್ವಾಯು ತರುವ ಬ್ಯಾಕ್ಟೀರಿಯಾದ ಬೀಜಾಣುಗಳೂ ಅದೇ ಮಣ್ಣಿನಲ್ಲಿರುತ್ತವೆ. ಗಾಯಕ್ಕೆ ಮಣ್ಣು ತಾಗಿದ್ದರೆ ಶುದ್ಧ ನೀರಿನಿಂದ ಚೆನ್ನಾಗಿ ತೊಳೆದು, ಧನುರ್ವಾಯುವಿನ ಲಸಿಕೆ ಬೇಕೇ ಎಂದು ವೈದ್ಯರನ್ನು ಕೇಳಿ.