ಕರೆದವರ ಮನೆಗೆ ಹೋಗಿ, ಕೇಳಿದವರಿಗೆ ಹೇಳಿ

ಧಾರವಾಡ ಕಡೆಯ ಹಳ್ಳಿಯೊಂದರ ಸಭಾಪಾಲಕರು ಬರೆದ ಪತ್ರದ ಮುಖ್ಯ ಭಾಗ ಇದು:

"ನಮ್ಮದು ಇಪ್ಪತ್ತು ಮನೆಗಳ ಸಣ್ಣ ಸಭೆ. ನಾನು ಬಂದ ಮೇಲೆ ಹೊಸದಾಗಿ ಒಬ್ಬರೂ ಸೇರಿಲ್ಲ. ಹುಡುಗರು ಓದು ಮುಗಿಸಿ ಬೆಂಗಳೂರಿಗೆ ಹೋಗುತ್ತಾರೆ. ಇದ್ದವರಲ್ಲೂ ಕೆಲವರು ಪಕ್ಕದ ಊರಿನ ದೊಡ್ಡ ಪ್ರಾರ್ಥನಾ ಕೂಟಕ್ಕೆ ಹೋಗುತ್ತಾರೆ. ವರ್ಷದ ವರದಿಯಲ್ಲಿ ಹೊಸ ಸದಸ್ಯರು ಎಂಬ ಕಡೆ ಸೊನ್ನೆ ಬರೆಯಲು ಸಂಕಟವಾಗುತ್ತದೆ. 'ಅಯ್ಯನವರು ಸುವಾರ್ತೆ ಸಾರೂದಿಲ್ಲ, ಅದಕ್ಕ ಸಭಾ ಬೆಳವಲ್ದು' ಎಂದು ಕಮಿಟಿಯ ಹಿರಿಯರೊಬ್ಬರು ಎಲ್ಲರ ಎದುರು ಅಂದರು. ಮೊದಲು ಸಂತೆಯಲ್ಲಿ ಕರಪತ್ರ ಹಂಚುತ್ತಿದ್ದೆ. ಒಮ್ಮೆ ಗಲಾಟೆಯಾಯಿತು, ಬಿಟ್ಟೆ. ಈಗ ಊರಿನ ಹೆಡ್‌ಮಾಸ್ತರರು, ಲಿಂಗಾಯತರು, ನನ್ನ ಸ್ನೇಹಿತರು, ಹಾಸಿಗೆ ಹಿಡಿದ ತಮ್ಮ ತಾಯಿಗಾಗಿ ಪ್ರಾರ್ಥಿಸಲು ಮನೆಗೆ ಕರೆದಿದ್ದಾರೆ. ಅಲ್ಲಿ ಯೇಸುವಿನ ವಿಷಯ ಹೇಳಿದರೆ ಸ್ನೇಹ ಕೆಟ್ಟೀತು. ಹೇಳದಿದ್ದರೆ ಕರ್ತನಿಗೆ ದ್ರೋಹವಾದೀತು. ನನ್ನ ಸೇವೆ ಸೋತಿತೇ?"

ಪ್ರಿಯ ಅಯ್ಯನವರೇ,

ಮೊದಲು ಹೆಡ್‌ಮಾಸ್ತರರ ಮನೆಗೆ ಹೋಗಿ. ಹಾಸಿಗೆ ಹಿಡಿದವರ ವಿಷಯ ಪತ್ರಿಕೆ ಅಚ್ಚಾಗುವ ತನಕ ಕಾಯುವಂಥದ್ದಲ್ಲ, ಅದಕ್ಕೇ ಫೋನಿನಲ್ಲಿ ಇಷ್ಟನ್ನು ಹೇಳಿದ್ದೆ. ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ. ಸಣ್ಣ ಸಭೆಗಳಲ್ಲಿ ಒಂಟಿಯಾಗಿ ದುಡಿಯುವ ಎಷ್ಟೋ ಪಾಲಕರ ಮನಸ್ಸಿನಲ್ಲಿ ಇದೇ ಪ್ರಶ್ನೆ ಇದೆ. ಅವರೂ ಓದಲಿ.

ಆ ಮನೆಗೆ ಹೋದ ತಕ್ಷಣ ಬೈಬಲ್ ತೆಗೆಯಬೇಡಿ. ಆ ತಾಯಿಯ ಪಕ್ಕ ಕುಳಿತುಕೊಳ್ಳಿ. ರಾತ್ರಿ ನಿದ್ದೆ ಬಂತೇ, ನೋವು ಎಲ್ಲಿದೆ ಎಂದು ಅವರನ್ನೇ ಕೇಳಿ. ಕಾಯಿಲೆಯವರು ಎದುರಿಗೆ ಮಲಗಿದ್ದಾಗಲೂ ಅವರ ವಿಷಯವನ್ನು ಬೇರೆಯವರ ಹತ್ತಿರ ಮಾತಾಡುವ ರೂಢಿ ನಮ್ಮಲ್ಲಿ ಜಾಸ್ತಿ. ಪಾಲಕರಾದರೂ ಅದನ್ನು ಬಿಡಬೇಕು. ಪ್ರಾರ್ಥನೆ ಮಾಡಲೇ ಎಂದು ಆ ತಾಯಿಯನ್ನೂ ಕೇಳಿ. ಕರೆದದ್ದು ಮಗ, ಅವರ ಒಪ್ಪಿಗೆಯೂ ಬೇಕಲ್ವಾ? ಒಪ್ಪಿದರೆ ಯೇಸುಸ್ವಾಮಿಯ ಹೆಸರಿನಲ್ಲೇ ಪ್ರಾರ್ಥಿಸಿ. ಹೆಡ್‌ಮಾಸ್ತರರಿಗೆ ನೀವು ಯಾರು ಎಂದು ಗೊತ್ತಿದೆ. ಗೊತ್ತಿದ್ದೇ ಕರೆದಿದ್ದಾರೆ. ಆ ಹೆಸರನ್ನು ಬಾಯಲ್ಲೇ ನುಂಗಿಕೊಂಡರೆ ಅವರ ವಿಶ್ವಾಸಕ್ಕೂ ಮರ್ಯಾದೆ ಕೊಟ್ಟಂತಾಗುವುದಿಲ್ಲ. ಪ್ರಾರ್ಥನೆ ಚಿಕ್ಕದಾಗಿರಲಿ. ದೇವರ ಹತ್ತಿರ ಮಾತಾಡುವ ನೆಪದಲ್ಲಿ ಮನೆಯವರಿಗೆ ಪ್ರಸಂಗ ಮಾಡಬೇಡಿ. ಹೊರಡುವಾಗ ದಿಂಬಿನ ಪಕ್ಕ ಕರಪತ್ರ ಇಟ್ಟು ಬರಬೇಡಿ.

ವಾಸಿಯಾಗುತ್ತದೆ ಎಂದು ಮಾತು ಕೊಡಬೇಡಿ. ವಿಶ್ವಾಸ ಇಟ್ಟರೆ ಮಾತ್ರೆ ಬೇಡ ಎನ್ನುವ ಸೇವಕರ ಬಗ್ಗೆ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಗದಗ-ಬೆಟಗೇರಿಯಲ್ಲಿ ಮಿಶನ್ ಆಸ್ಪತ್ರೆ ಕಟ್ಟಿದವರು, 1906ರಲ್ಲಿ ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ತೆರೆದವರು ಪ್ರಾರ್ಥನೆ ಬಲ್ಲವರೇ ಆಗಿದ್ದರು. ಪ್ರಾರ್ಥಿಸುವ ಕೈಯೇ ಗಾಯಕ್ಕೆ ಬ್ಯಾಂಡೇಜ್ ಕಟ್ಟಿತು. ಆ ತಾಯಿಯನ್ನು ಹುಬ್ಬಳ್ಳಿಗೆ ತೋರಿಸಲು ಗಾಡಿ ಬೇಕಾದರೆ ಏರ್ಪಾಡು ಮಾಡಿ. ಅದು ಕೂಡ ನಿಮ್ಮ ಸೇವೆಯೇ.

ಇನ್ನು ಯೇಸುವಿನ ವಿಷಯ ಹೇಳಬೇಕೇ ಎಂಬ ಪ್ರಶ್ನೆ. ಹೆಡ್‌ಮಾಸ್ತರರು ಕೇಳಿದರೆ ಪೂರ್ತಿಯಾಗಿ ಹೇಳಿ. ಕೇಳದಿದ್ದರೆ ಆ ದಿನ ಸುಮ್ಮನಿದ್ದು ಬನ್ನಿ. ಇದು ನನ್ನ ಸ್ವಂತ ಜಾಣತನವಲ್ಲ. ಲೂಕನ 24ನೇ ಅಧ್ಯಾಯ ತೆಗೆಯಿರಿ. ಎಮ್ಮಾಹುವಿನ ದಾರಿಯಲ್ಲಿ ಸ್ವಾಮಿ ಇಬ್ಬರು ಶಿಷ್ಯರ ಜೊತೆ ನಡೆದ. ನೀವು ಏನು ಮಾತಾಡಿಕೊಳ್ಳುತ್ತಿದ್ದೀರಿ ಎಂದು ಮೊದಲು ಕೇಳಿದ. ಅವರ ದುಃಖವನ್ನೆಲ್ಲ ಅವರ ಬಾಯಿಂದಲೇ ಕೇಳಿಸಿಕೊಂಡ. ಊರು ಹತ್ತಿರ ಬಂದಾಗ ಮುಂದೆ ಹೋಗುವವನಂತೆ ಕಂಡ. ಅವರು ಬಲವಂತ ಮಾಡಿ ಕರೆದ ಮೇಲೆ ಒಳಗೆ ಹೋದ. ಸತ್ತು ಎದ್ದು ಬಂದ ಕರ್ತನೇ ಕರೆಯದ ಮನೆಯ ಹೊಸ್ತಿಲು ದಾಟಲಿಲ್ಲ! ಅಪೊಸ್ತಲರ ಕೃತ್ಯಗಳ 8ನೇ ಅಧ್ಯಾಯದಲ್ಲಿ ಫಿಲಿಪ್ಪನೂ ಹಾಗೆಯೇ. ಗ್ರಂಥ ಓದುತ್ತಾ ಹೋಗುತ್ತಿದ್ದ ಇಥಿಯೋಪ್ಯದ ಅಧಿಕಾರಿಯೊಬ್ಬನ ರಥದ ಪಕ್ಕ ಓಡಿದ, ಓದುತ್ತಿರುವುದು ತಿಳಿಯುತ್ತಿದೆಯೇ ಎಂದು ಕೇಳಿದ, ಹತ್ತಿ ಕುಳಿತುಕೋ ಎಂದು ಆ ಇಥಿಯೋಪ್ಯದವನು ಕೇಳಿಕೊಂಡ ಮೇಲೆ ಹತ್ತಿದ. ಮಾತು ಶುರುವಾದದ್ದು ಅವನು ಓದುತ್ತಿದ್ದ ಪುಟದಿಂದ.

ಮಾರ್ಕನ 10ನೇ ಅಧ್ಯಾಯದ ಶ್ರೀಮಂತನನ್ನೂ ನೆನೆಯಿರಿ. ಓಡಿ ಬಂದು ಮೊಣಕಾಲೂರಿದವನು ಅವನು. ಸ್ವಾಮಿ ಅವನನ್ನು ಪ್ರೀತಿಸಿದ ಎಂದು ಬರೆದಿದೆ. ಆದರೂ ಅವನು ಮುಖ ಸಣ್ಣದು ಮಾಡಿಕೊಂಡು ಹೊರಟಾಗ ಹಿಂದೆ ಓಡಿ, ಇದ್ದದ್ದನ್ನೆಲ್ಲ ಮಾರಿ ಬಡವರಿಗೆ ಕೊಡು ಎಂಬ ಷರತ್ತು ಸಡಿಲ ಮಾಡಲಿಲ್ಲ. ನಮ್ಮ ಎಷ್ಟೋ ಸುವಾರ್ತಾ ಕೂಟಗಳು ಅವನನ್ನು ವಾಪಸ್ ಹೋಗಲು ಬಿಡುತ್ತಲೇ ಇರಲಿಲ್ಲ ಅನ್ನಿಸುತ್ತದೆ. ವೇದಿಕೆಗೆ ಕರೆದು ಕೈ ಎತ್ತಿಸಿ ಲೆಕ್ಕಕ್ಕೆ ಸೇರಿಸುತ್ತಿದ್ದರು.

ನಿಮ್ಮ ಹಿರಿಯರು ಹೆಬಿಕ್ ಅವರ ಹೆಸರು ಹೇಳಿ ವಾದಿಸಬಹುದು. ಹೇಳಲಿ, ಅದರಲ್ಲಿ ಸತ್ಯವಿದೆ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನ್‌ನಿಂದ ಮಂಗಳೂರಿಗೆ ಬಂದರು. ಹೆಬಿಕ್ ಜಾತ್ರೆಗಳಲ್ಲಿ ನಿಂತು ಸಾರಿದವರು. ಬೈಗುಳ ತಿಂದೂ ಜಾಗ ಬಿಡಲಿಲ್ಲ. ಆ ಧೈರ್ಯದ ಎದುರು ನಾನು ತಲೆಬಾಗುತ್ತೇನೆ. ಆದರೆ ಅದೇ ಮಿಶನ್‌ನಲ್ಲಿ ಇನ್ನೊಬ್ಬರಿದ್ದರು, 1853ರಲ್ಲಿ ಬಂದ ಕಿಟೆಲ್. ನಿಮ್ಮ ಧಾರವಾಡ ಸೀಮೆಯಲ್ಲೂ ಇದ್ದವರು. ಪಂಡಿತರ ಮುಂದೆ ಕುಳಿತು ಹಳಗನ್ನಡ ಕಲಿತರು. ಯೇಸುವಿನ ಕಥೆಯನ್ನು ನಮ್ಮ ಪದ್ಯದ ಧಾಟಿಯಲ್ಲಿ ಬರೆದು 1862ರಲ್ಲಿ ಅಚ್ಚು ಹಾಕಿಸಿದರು. ಈ ಮನುಷ್ಯ ಪುಸ್ತಕ ಹಿಡಿದು ಕುಳಿತಿದ್ದಾನೆ, ಸಾರುವ ಕೆಲಸ ಮಾಡುತ್ತಿಲ್ಲ ಎಂಬ ಗೊಣಗಾಟ ಮಿಶನ್ ಒಳಗೇ ಇತ್ತು. ನಿಮಗೆ ಈಗ ಬಿದ್ದ ಮಾತೇ ಅದು! ಅವರ ನಿಘಂಟು ಹೊರಬಂದದ್ದು 1894ರಲ್ಲಿ, ಬಂದು ನಲವತ್ತು ವರ್ಷ ಕಳೆದ ಮೇಲೆ. ಅವರು ಎಷ್ಟು ಜನಕ್ಕೆ ದೀಕ್ಷಾಸ್ನಾನ ಕೊಟ್ಟರು ಎಂದು ಇವತ್ತು ಯಾರೂ ಕೇಳುವುದಿಲ್ಲ. ಆದರೆ ಒಬ್ಬ ಕ್ರೈಸ್ತ ಪಾದ್ರಿ ನಮ್ಮ ಮಾತನ್ನು ನಮಗಿಂತ ಹೆಚ್ಚು ಪ್ರೀತಿಸಿದ ಎಂದು ಕನ್ನಡ ಓದುವವರೆಲ್ಲ ಬಲ್ಲರು. ಅದು ಸಾಕ್ಷಿಯಲ್ಲವೇ?

ಹಿಂದಿನವರ ಕಥೆಯಲ್ಲಿ ಇನ್ನೊಂದು ಪಾಠವೂ ಇದೆ. ಆಗ ಕ್ರೈಸ್ತರಾದವರನ್ನು ಮನೆಯವರು, ಜಾತಿಯವರು ಹೊರಗೆ ಹಾಕಿದರು. ಹೊಟ್ಟೆಪಾಡಿಗೆ ದಾರಿ ಇರಲಿಲ್ಲ. ಅದಕ್ಕಾಗಿ ಮಿಶನ್ ನೇಯ್ಗೆ ಶುರು ಮಾಡಿತು, 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಎಷ್ಟೋ ಸಂಸಾರ ಉಳಿಯಿತು. ಜೊತೆಗೆ ಒಂದು ಕಷ್ಟವೂ ಬಂತು. ಕೆಲಸ ಕೊಡುವವರೂ ಮಿಶನ್, ಮನೆ ಕೊಡುವವರೂ ಮಿಶನ್, ಸಭೆಯಲ್ಲಿ ಶಿಸ್ತು ಹೇಳುವವರೂ ಮಿಶನ್. ಯಾರ ವಿಶ್ವಾಸ ಎಲ್ಲಿ ನಿಂತಿದೆ ಎಂದು ಹೇಳುವುದು ಕಷ್ಟವಾಯಿತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರ್ಕಾರ ಹಿಡಿದಿಟ್ಟಿತು, ಆಮೇಲೆ ಅವರ ದೇಶಕ್ಕೆ ಕಳಿಸಿತು. ಕಾರ್ಖಾನೆಗಳು ಬೇರೆಯವರ ಕೈಗೆ ಹೋದವು. ಆದರೆ ಸಭೆಗಳು ಮುಚ್ಚಲಿಲ್ಲ. ಸ್ಥಳೀಯ ಪಾಲಕರು, ಉಪದೇಶಿಗಳು, ಮನೆಮನೆಗೆ ಹೋಗುತ್ತಿದ್ದ ಬೈಬಲ್ ಸ್ತ್ರೀಯರು ಹಿಡಿದುಕೊಂಡು ನಡೆಸಿದರು. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ನಿಮ್ಮ ಇಪ್ಪತ್ತು ಮನೆಗಳು ಆ ಜನರಿಂದ ಬಂದ ಆಸ್ತಿ.

ಕಾನೂನಿನ ಭಯವೂ ನಿಮ್ಮ ಪತ್ರದ ಸಾಲುಗಳ ನಡುವೆ ಕಾಣುತ್ತದೆ. ಸ್ಪಷ್ಟವಾಗಿ ಹೇಳುತ್ತೇನೆ. ಸಂವಿಧಾನದ 25ನೇ ವಿಧಿ ಧರ್ಮವನ್ನು ನಂಬಲು, ಆಚರಿಸಲು, ಪ್ರಚಾರ ಮಾಡಲು ಹಕ್ಕು ಕೊಟ್ಟಿದೆ. 1977ರಲ್ಲಿ ಸುಪ್ರೀಂ ಕೋರ್ಟ್, ಸ್ಟ್ಯಾನಿಸ್ಲಾಸ್ ಎಂಬ ಪಾದ್ರಿಯ ಪ್ರಕರಣದಲ್ಲಿ, ತಮ್ಮ ಧರ್ಮದ ತತ್ವವನ್ನು ತಿಳಿಸಿ ಹೇಳುವ ಹಕ್ಕು ಇದೆ, ಇನ್ನೊಬ್ಬರನ್ನು ಮತಾಂತರ ಮಾಡುವ ಹಕ್ಕು ಅದರಲ್ಲಿ ಸೇರಿಲ್ಲ ಎಂದಿತು. 2022ರಲ್ಲಿ ನಮ್ಮ ರಾಜ್ಯದಲ್ಲಿ ಬಂದ ಕಾಯ್ದೆ ಬಲವಂತ, ವಂಚನೆ, ಆಮಿಷದ ಮೇಲೆ ಕಟ್ಟಿದ್ದು. ಅದನ್ನು ದುರುಪಯೋಗ ಮಾಡುವವರಿದ್ದಾರೆ ಎಂಬ ಆತಂಕ ನನಗೂ ಇದೆ. ಆದರೆ ಬಲವಂತ, ವಂಚನೆ, ಆಮಿಷ ಇವು ಯಾವ ಕಾಯ್ದೆ ಇಲ್ಲದಿದ್ದರೂ ನಮಗೆ ಪಾಪವೇ. ರೊಟ್ಟಿ ತಿಂದು ತೃಪ್ತರಾದದ್ದಕ್ಕೆ ನನ್ನನ್ನು ಹುಡುಕುತ್ತೀರಿ ಎಂದು ಸ್ವಾಮಿಯೇ ಜನರ ಮುಖಕ್ಕೆ ಹೇಳಿದ.

ಈ ಹಕ್ಕಿನ ಬಗ್ಗೆ ಸಂವಿಧಾನ ಸಭೆಯಲ್ಲಿ ನಡೆದ ಚರ್ಚೆಯ ಒಂದು ತುಣುಕು ನನಗೆ ತುಂಬ ಇಷ್ಟ. 1948ರ ಡಿಸೆಂಬರ್‌ನಲ್ಲಿ ಪ್ರಚಾರ ಎಂಬ ಮಾತೇ ಬೇಡ ಎಂದು ಕೆಲವರು ವಾದಿಸಿದರು. ಆಗ ಟಿ.ಟಿ. ಕೃಷ್ಣಮಾಚಾರಿ ಎದ್ದು ನಿಂತು ಆ ಹಕ್ಕನ್ನು ಬೆಂಬಲಿಸಿದರು. ತಾವು ಸುಮಾರು 14 ವರ್ಷ ಕ್ರೈಸ್ತ ಸಂಸ್ಥೆಗಳಲ್ಲಿ ಓದಿದ್ದಾಗಿಯೂ, ತಮ್ಮನ್ನು ಮತಾಂತರ ಮಾಡಲು ಯಾರೂ ಪ್ರಯತ್ನಿಸಲಿಲ್ಲ ಎಂದೂ ಹೇಳಿದರು. ಯೋಚಿಸಿ ನೋಡಿ. ಅವರಿಗೆ ಪಾಠ ಹೇಳಿದ ಮೇಷ್ಟರುಗಳು ವರದಿ ಬರೆದಿದ್ದರೆ ಅವರ ಹೆಸರಿನ ಮುಂದೆಯೂ ಸೊನ್ನೆಯೇ ಇರುತ್ತಿತ್ತು. ಆದರೆ ನಮ್ಮ ಹಕ್ಕಿನ ಪರವಾಗಿ ಕ್ರೈಸ್ತರಲ್ಲದ ಒಬ್ಬರು ಮಾತಾಡುವಂತೆ ಮಾಡಿದ್ದು ಆ ಮೇಷ್ಟರುಗಳ ನಡತೆ.

ಇಷ್ಟೆಲ್ಲ ಓದಿ ನಿಮಗೆ ನೆಮ್ಮದಿ ಆಗಿರಬಹುದು. ಈಗ ಖಾರವಾದ ಒಂದು ಮಾತು. ಸಂತೆಯಲ್ಲಿ ಕರಪತ್ರ ಬಿಟ್ಟದ್ದು ಸರಿ. ಈರುಳ್ಳಿ ಮೂಟೆ ಹೊತ್ತು ನಿಂತವನ ಕೈಗೆ ಕಾಗದ ತುರುಕಿ ಮುಂದಕ್ಕೆ ಹೋದರೆ ಅವನನ್ನು ಮನುಷ್ಯನಾಗಿ ಕಂಡ ಹಾಗಾಗುವುದಿಲ್ಲ. ಆದರೆ ಕರಪತ್ರದ ಜೊತೆಗೆ ನೀವು ಬಾಯಿಯನ್ನೂ ಮುಚ್ಚಿಕೊಂಡಿರಿ ಅನ್ನುವ ಗುಮಾನಿ ನನಗಿದೆ. ಅಷ್ಟು ಸ್ನೇಹವಿರುವ ಹೆಡ್‌ಮಾಸ್ತರರು ಯೇಸು ನಿಮಗೆ ಏನು ಮಾಡಿದ್ದಾನೆ ಎಂದು ನಿಮ್ಮ ಬಾಯಿಂದ ಒಮ್ಮೆಯೂ ಕೇಳಿಲ್ಲ ಎಂದು ನಿಮ್ಮ ಪತ್ರದಿಂದ ತಿಳಿಯುತ್ತದೆ. ಅವರು ಅಲ್ಲಮನ ವಚನ ಹೇಳುವಾಗ ನಿಮ್ಮನ್ನು ಲಿಂಗಾಯತರಾಗಿ ಎಂದು ಕರೆಯುತ್ತಾರೆಯೇ? ಇಲ್ಲ. ತಮಗೆ ಪ್ರಿಯವಾದದ್ದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಾರೆ. ನೀವೂ ಹಂಚಿಕೊಳ್ಳಿ. ನಿಮಗೆ ಕಷ್ಟ ಬಂದಾಗ ಯಾವ ಕೀರ್ತನೆ ಓದಿದಿರಿ, ಯಾಕೆ ಈ ಸೇವೆಗೆ ಬಂದಿರಿ, ಯಾರನ್ನು ಕ್ಷಮಿಸಲು ಒದ್ದಾಡುತ್ತಿದ್ದೀರಿ, ಇದನ್ನೆಲ್ಲ ಹೇಳಿ. ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಕೊಡಲು ಸದಾ ಸಿದ್ಧರಾಗಿರಿ, ಮೃದುವಾಗಿ ಕೊಡಿ ಎಂದು ಪೇತ್ರ ಬರೆದ. ನಾವು ಮೃದು ಎಂಬುದನ್ನು ಹಿಡಿದುಕೊಂಡು ಸಿದ್ಧರಾಗಿರಿ ಎಂಬುದನ್ನು ಬಿಟ್ಟಿದ್ದೇವೆ. ಹೆದರಿಕೆಗೆ ವಿನಯ ಎಂದು ಹೆಸರಿಡುವುದು ಬೇಡ.

ಈ ವಿಷಯದಲ್ಲಿ ಪಾಲಕರಿಗಿಂತ ಸಭೆಯ ಹೆಂಗಸರು ಮುಂದಿದ್ದಾರೆ ಎಂದು ನಾನು ಕಂಡುಕೊಂಡಿದ್ದೇನೆ. ಸ್ವಸಹಾಯ ಸಂಘದಲ್ಲಿ, ನಲ್ಲಿಯ ಹತ್ತಿರ, ಹೊಲದಲ್ಲಿ ಕಳೆ ತೆಗೆಯುವಾಗ ಅವರು ತಮ್ಮ ವಿಶ್ವಾಸದ ಮಾತನ್ನು ಸಹಜವಾಗಿ ಆಡುತ್ತಾರೆ. ಬೇರೆಯವರ ಮನೆಯ ಹಬ್ಬದ ಹೋಳಿಗೆ ತಿನ್ನುತ್ತಾರೆ, ಕ್ರಿಸ್‌ಮಸ್‌ಗೆ ಕರ್ಜಿಕಾಯಿ ಕಳಿಸುತ್ತಾರೆ, ಮಕ್ಕಳಿಗೆ ಜ್ವರ ಬಂದರೆ ಪ್ರಾರ್ಥನೆ ಮಾಡುತ್ತೇನೆ ಅನ್ನುತ್ತಾರೆ. ಸುವಾರ್ತೆ ಸಾರುವುದು ಅಯ್ಯನವರ ಡ್ಯೂಟಿ ಎಂದು ನಿಮ್ಮ ಹಿರಿಯರು ತಿಳಿದಿದ್ದರೆ ಅದು ತಪ್ಪು. ಅವರ ಮೇಲೆ ಕೋಪ ಮಾಡಬೇಡಿ. ಮುಂದಿನ ವಾರ ಮನೆ ಭೇಟಿಗೆ ಜೊತೆಗೆ ಬನ್ನಿ ಎಂದು ಕರೆಯಿರಿ. ಸಾಲದಲ್ಲಿ ಸಿಕ್ಕಿಕೊಂಡ ರೈತನ ಮನೆ, ಕುಡಿತ ಬಿಡಲಾಗದವನ ಮನೆ, ಗಂಡ ಸತ್ತ ಮೇಲೆ ಯಾರೂ ಹೋಗದ ಮನೆ, ಎಲ್ಲಕ್ಕೂ ಕರೆದುಕೊಂಡು ಹೋಗಿ. ಪಾಲಕರ ದಿನ ಹೇಗಿರುತ್ತದೆ ಎಂದು ಕಮಿಟಿಯವರಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ.

ಪಕ್ಕದ ಊರಿನ ಕೂಟಕ್ಕೆ ಹೋಗುವವರನ್ನು ಆರಾಧನೆಯಲ್ಲಿ ಚುಚ್ಚಿ ಮಾತಾಡಬೇಡಿ. ಅಲ್ಲಿ ಏನು ಸಿಕ್ಕಿತು ಎಂದು ಪ್ರೀತಿಯಿಂದ ಕೇಳಿ. ನನ್ನ ಹೆಸರು ಹಿಡಿದು ಪ್ರಾರ್ಥನೆ ಮಾಡಿದರು ಎಂದು ಯಾರಾದರೂ ಹೇಳಿದರೆ, ಅದನ್ನು ನಮ್ಮ ಸಭೆಯಲ್ಲೂ ಮಾಡಲು ಏನು ಅಡ್ಡಿ? ಇಪ್ಪತ್ತೇ ಮನೆ ಇರುವುದರಿಂದ ಪ್ರತಿ ಭಾನುವಾರ ಒಂದೆರಡು ಮನೆಯವರನ್ನು ಹೆಸರು ಹಿಡಿದು ದೇವರ ಮುಂದೆ ತರಬಹುದು. ಸಾವಿರ ಜನರ ಸಭೆಗೆ ಆ ಭಾಗ್ಯ ಇಲ್ಲ.

ವರದಿಯಲ್ಲಿ ಸೊನ್ನೆ ಇದ್ದರೆ ಸೊನ್ನೆಯನ್ನೇ ಬರೆಯಿರಿ. ಸುಳ್ಳು ಅಂಕಿ ಬರೆಯುವುದಕ್ಕಿಂತ ಅದು ಎಷ್ಟೋ ಮೇಲು. 2011ರ ಜನಗಣತಿಯ ಪ್ರಕಾರ ಈ ರಾಜ್ಯದಲ್ಲಿ ಕ್ರೈಸ್ತರು ನೂರಕ್ಕೆ ಇಬ್ಬರೂ ಇಲ್ಲ. ನಾವು ಮೊದಲಿಂದಲೂ ಸಣ್ಣ ಜನ. ನಾನು ನೆಟ್ಟೆ, ಅಪೊಲ್ಲೋಸ ನೀರು ಹಾಕಿದ, ಬೆಳೆಸಿದ್ದು ದೇವರು ಎಂದು ಪೌಲ ಕೊರಿಂಥದವರಿಗೆ ಬರೆದದ್ದು ಸಮಾಧಾನದ ಮಾತಾಗಿ ಅಲ್ಲ. ಯಾರ ಕೆಲಸ ಯಾವುದು ಎಂದು ಗೆರೆ ಎಳೆದು ಹೇಳಿದ. ನಿಮ್ಮ ಸೇವೆ ಸೋತಿಲ್ಲ, ಅಯ್ಯನವರೇ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು, ಕೈಗೆ ಸಾಲದ ಸಂಬಳದಲ್ಲಿ, ಹಳ್ಳಿ ಬಿಟ್ಟು ಓಡದೆ ನಿಂತಿದ್ದೀರಿ. ಇದನ್ನು ನಿಮಗೆ ಯಾರಾದರೂ ಹೇಳಬೇಕಿತ್ತು.

ಕೊನೆಯದಾಗಿ, ಬೆಂಗಳೂರಿಗೆ ಹೋದ ಹುಡುಗರು. ಅವರನ್ನು ಕಳೆದುಹೋದವರ ಲೆಕ್ಕಕ್ಕೆ ಸೇರಿಸಬೇಡಿ. ನಿಮ್ಮ ಸಂಡೇ ಸ್ಕೂಲಿನಲ್ಲಿ ಕಲಿತವರು ಅವರು. ಅಲ್ಲಿ ಹಡ್ಸನ್ ದೇವಾಲಯ, ಅವೆನ್ಯೂ ರಸ್ತೆಯ ರೈಸ್ ದೇವಾಲಯದಂಥ ಕನ್ನಡ ಸಭೆಗಳಿವೆ. ಹೊಸ ಊರಿಗೆ ಹೋದ ಮೊದಲ ಕೆಲವು ತಿಂಗಳಲ್ಲಿ ಯಾರಾದರೂ ಹುಡುಕಿಕೊಂಡು ಹೋಗಿ ಮಾತಾಡಿಸಿದರೆ ಅವರು ಉಳಿಯುತ್ತಾರೆ. ತಿಂಗಳಿಗೊಮ್ಮೆ ನೀವೇ ಫೋನ್ ಮಾಡಿ, ಆರಾಧನೆಗೆ ಹೋದೆಯಾ ಎಂದು ಕೇಳುವ ಮೊದಲು ಊಟ ಆಯಿತಾ ಎಂದು ಕೇಳಿ. ಅವರ ಹೆಸರು, ಇರುವ ಬಡಾವಣೆ, ಕೆಲಸದ ಜಾಗ ಬರೆದು ನನಗೊಂದು ಪಟ್ಟಿ ಕಳಿಸಿ, ಹತ್ತಿರದ ಸಭೆಯ ಪಾಲಕರಿಗೆ ತಲುಪಿಸುತ್ತೇನೆ. ಪಟ್ಟಿಗೆ ಸೇರಿಸುವ ಮೊದಲು ಅವರನ್ನು ಒಂದು ಮಾತು ಕೇಳಿ. ಬೇಡ ಅಂದವರ ಹೆಸರು ಕಳಿಸಬೇಡಿ.

ನಿಮ್ಮ ಸಹೋದರ,
ಸಂಪಾದಕ