ಚಂದ್ರಗಿರಿ ಸೇತುವೆಯ ಆಚೆ ಮತ್ತು ಈಚೆ

ಕಾಸರಗೋಡು ಪೇಟೆಯ ದಕ್ಷಿಣಕ್ಕಿರುವ ಸೇತುವೆಯ ಬಗ್ಗೆ ಊರಿನವರು ಅಷ್ಟೊಂದು ಮಾತನಾಡುವುದೇಕೆ ಎಂದು ನೀವು ಕೇಳಿದ್ದೀರಿ. ನೋಡುವುದಕ್ಕೆ ಅದೊಂದು ಸಾಧಾರಣ ಕಾಂಕ್ರೀಟು ಸೇತುವೆ. ಮಾತಿಗೆ ಕಾರಣ ಅದರ ಕೆಳಗಿನ ಹೊಳೆ.

ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಸುಳ್ಯದ ಮೂಲಕ ಇಳಿದು ಬರುವ ಪಯಸ್ವಿನಿಯು ಚಂದ್ರಗಿರಿ ಹೊಳೆಯಾಗಿ ಇಲ್ಲಿ ಕಡಲು ಸೇರುತ್ತದೆ. ತುಳುನಾಡಿನ ತೆಂಕಣ ಗಡಿ ಇದೇ ಎಂಬುದು ಹಳೆಯ ನಂಬಿಕೆ. ಮಲೆಯಾಳದ ಕೆಲವು ಸಮುದಾಯಗಳ ಹೆಂಗಸರು ಇದನ್ನು ದಾಟಿ ಬಡಗಣಕ್ಕೆ ಬರಬಾರದೆಂಬ ಕಟ್ಟಳೆಯೂ ಹಿಂದೆ ಇತ್ತು. 1956ರ ನವೆಂಬರ್ 1ರಂದು, ಅಲ್ಲಿಯವರೆಗೆ ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು ಇಡಿಯಾಗಿ ಕೇರಳದ ಪಾಲಾಯಿತು. ಚಂದ್ರಗಿರಿ ಮತ್ತು ಪಯಸ್ವಿನಿಯ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಕೊಡಬೇಕೆಂದು ಮಹಾಜನ ಆಯೋಗವು 1967ರಲ್ಲಿ ಶಿಫಾರಸು ಮಾಡಿದರೂ ಅದು ಜಾರಿಗೆ ಬರಲಿಲ್ಲ. ಆದ್ದರಿಂದ ನಮ್ಮ ಹಿರಿಯರ ಬಾಯಲ್ಲಿ 'ಹೊಳೆಯಾಚೆ' ಎಂಬ ಮಾತಿಗೆ ದೂರಕ್ಕಿಂತ ಹೆಚ್ಚಿನ ಅರ್ಥವಿದೆ.

ಆದರೆ ಹೊಳೆಯನ್ನು ಗೋಡೆಯೆಂದು ಭಾವಿಸಿದರೆ ನೀವು ತಪ್ಪು ತಿಳಿದಂತೆ. ಸೇತುವೆ ದಾಟಿದೊಡನೆ ದಕ್ಷಿಣದ ದಡದಲ್ಲಿ ಕಾಣುವ ಚಂದ್ರಗಿರಿ ಕೋಟೆ ಕನ್ನಡದ ಕೆಳದಿ ಅರಸರದು. ಇನ್ನೂ ಮುಂದಿನ ಬೇಕಲ ಮತ್ತು ಹೊಸದುರ್ಗದ ಕೋಟೆಗಳೂ ಅವರವೇ. ಕಾಞಂಗಾಡನ್ನು ಒಳಗೊಂಡ ತಾಲೂಕಿಗೆ ಇಂದಿಗೂ ಹೊಸದುರ್ಗವೆಂದೇ ಹೆಸರು, ಹಾಗೆಂದು ಅಲ್ಲಿನ ಬೀದಿಯಲ್ಲಿ ಕನ್ನಡ ಕೇಳಿಸೀತೆಂದು ನಿರೀಕ್ಷಿಸಬೇಡಿ. ಇತ್ತ 1984ರಲ್ಲಿ ಕಾಸರಗೋಡು ಜಿಲ್ಲೆಯಾದ ಮೇಲೆ, ಕಲೆಕ್ಟರರ ಕಚೇರಿ ಹೊಳೆಯ ಉತ್ತರಕ್ಕಿರುವ ವಿದ್ಯಾನಗರದಲ್ಲಿರುವುದರಿಂದ, ದಕ್ಷಿಣದ ಮಲೆಯಾಳಿಗಳು ಕಲೆಕ್ಟರರ ಕಚೇರಿಯ ಕೆಲಸಕ್ಕೆ ನಮ್ಮ ದಡಕ್ಕೇ ಬರಬೇಕು. ಆಯೋಗದ ವರದಿ ಕರ್ನಾಟಕಕ್ಕೆ ಸಲ್ಲಬೇಕೆಂದ ನೆಲದಲ್ಲಿಯೇ ಕೇರಳದ ಜಿಲ್ಲಾ ಕೇಂದ್ರವಿದೆ!

ಈ ಹೊಳೆಗೆ ರೈಲಿನ ಸೇತುವೆ ಬಂದುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಮಂಗಳೂರಿಗೆ ಹಳಿ ಹಾಸಿದಾಗ. ರಸ್ತೆಯಲ್ಲಿ ಹೋಗುವವರು ಮಾತ್ರ ಬಹುಕಾಲ ಕಡವಿನಲ್ಲಿ ದೋಣಿಗೆ ಕಾಯಬೇಕಿತ್ತು, ಇಲ್ಲವೇ ಚೆರ್ಕಳದ ಕಡೆಯಿಂದ ಸುತ್ತಿ ತೆಕ್ಕಿಲ್‌ನಲ್ಲಿ ಹೊಳೆ ದಾಟಬೇಕಿತ್ತು; ರಾಷ್ಟ್ರೀಯ ಹೆದ್ದಾರಿ ಇಂದಿಗೂ ಆ ದಾರಿಯಲ್ಲೇ ಇದೆ. ಪೇಟೆಯ ಬಳಿ ಸೇತುವೆಯಾದ ಮೇಲೆ ಮೇಲ್ಪರಂಬ, ಉದುಮ, ಬೇಕಲಗಳ ಮೂಲಕ ಕಾಞಂಗಾಡಿಗೆ ಕರಾವಳಿಯ ನೇರ ದಾರಿ ದೊರೆಯಿತು. ಈಗ ಬೆಳಗಿನ ಬಸ್ಸಿನಲ್ಲಿ ಕುಳಿತರೆ ಕನ್ನಡ, ತುಳು, ಮಲೆಯಾಳ, ಬ್ಯಾರಿ, ಕೊಂಕಣಿಗಳೆಲ್ಲ ಒಟ್ಟಿಗೇ ಹೊಳೆ ದಾಟುತ್ತವೆ. ಟಿಕೇಟು ಕೇಳುವುದು ಮಾತ್ರ ಹೆಚ್ಚಿನವರೂ ಮಲೆಯಾಳದಲ್ಲಿ, ನಾನೂ ಸೇರಿದಂತೆ.